ಜಗಲಿಯ ಮೇಲೆ ಏಳನೇ ತರಗತಿ

ಸೋಮವಾರ ಬೆಳಿಗ್ಗೆ ಚಿಕ್ಕಸಿದ್ದಮ್ಮ ಬಿಳಿಕೆರೆಯಲ್ಲಿ ಬಸ್ಸಿಳಿದು, ಆಟೊ ಹಿಡಿದು ಮುದ್ದನಕೊಪ್ಪಲಿನ ಸರ್ಕಾರಿ ಶಾಲೆಗೆ ಬಂದಾಗ ಏಳನೇ ತರಗತಿಯ ಮಕ್ಕಳು ಕೋಣೆಯ ಹೊರಗೆ ಬ್ಯಾಗು ಹೊತ್ತುಕೊಂಡೇ ನಿಂತಿದ್ದರು. ಬಾಗಿಲು ತೆರೆದಿತ್ತು, ಆದರೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಗೋಣಿತಾಟಿನಲ್ಲಿ ಸುತ್ತಿ ಹೊಲಿದ ಹೊಗೆಸೊಪ್ಪಿನ ಬೇಲುಗಳನ್ನು ನೆಲದಿಂದ ಕಿಟಕಿಯೆತ್ತರಕ್ಕೆ ಪೇರಿಸಿದ್ದರು. ಬೆಂಚುಗಳು ಒಂದರ ಮೇಲೊಂದು ಏರಿ ಮೂಲೆಗೆ ಸರಿದಿದ್ದವು. ಬೋರ್ಡಿನ ಮೇಲೆ ಶನಿವಾರ ಬರೆದಿದ್ದ ಲೆಕ್ಕ ಅರ್ಧ ಕಾಣುತ್ತಿತ್ತು, ಉಳಿದರ್ಧಕ್ಕೆ ಬೇಲು ಒರಗಿಕೊಂಡಿತ್ತು.

“ಬಸವರಾಜಪ್ಪನೋರ ಸೊಪ್ಪು ಮಿಸ್,” ಎಂದ ಗೌರೀಶ. “ನೆನ್ನೆ ಟ್ರ್ಯಾಕ್ಟ್ರಲ್ಲಿ ತಂದು ತುಂಬುದ್ರು. ಗಾಳಿಗೆ ಅವ್ರ ಗೋಡೌನ್ ಶೀಟು ಆರ್ಕಂಡು ಓಗದೆ.”

ಬಸವರಾಜು ಊರಿನ ದೊಡ್ಡ ಹಿಡುವಳಿದಾರ, ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷನೂ ಹೌದು. ಅವನ ಸ್ವಂತ ಮಕ್ಕಳು ದಿನವೂ ಹಳದಿ ವ್ಯಾನು ಹತ್ತಿ ಹುಣಸೂರಿನ ಕಾನ್ವೆಂಟಿಗೆ ಹೋಗುತ್ತಿದ್ದರು.

ಚಿಕ್ಕಸಿದ್ದಮ್ಮ ನೇರವಾಗಿ ಆಫೀಸು ಕೋಣೆಗೆ ಹೋದಳು. ಹೆಡ್‌ಮಾಸ್ಟರು ಮಹದೇವಪ್ರಸಾದ್ ಅವಳನ್ನು ಕಂಡೊಡನೆ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ಅತ್ತಿಂದಿತ್ತ ಸರಿಸಿದರು.

“ಮಳೆ ಬಂದ್ಬುಟ್ಟಿತ್ತು ಮೇಡಂ. ಅಧ್ಯಕ್ಷರೇ ಮನೆಗೆ ಬಂದು ಕೀ ಕೇಳುದ್ರು. ಇಲ್ಲ ಅನ್ನೋಕಾಗುತ್ತಾ?”

“ಯಾವಾಗ ತೆಗೀತಾರಂತೆ ಸಾರ್?”

“ಒಂದೆರಡು ವಾರ. ಸೊಪ್ಪಿನ ಹರಾಜಿಗೆ ಅವರ ಸರದಿ ಬರೋ ತನಕ. ಮಕ್ಕಳನ್ನ ಹೊಂಗೆ ಮರದ ಕೆಳಗೆ ಕೂರಿಸ್ಕೊಳ್ಳಿ.”

“ಮರದ ಕೆಳಗೆ ಕೆಸರು.”

“ವರಾಂಡ ಇದೆಯಲ್ಲ.”

“ಅಲ್ಲಿ ನಾಲ್ಕು, ಐದನೆಯವರು ಕೂತಿದ್ದಾರೆ. ಅವರ ಕೋಣೆ ಸೋರುತ್ತೆ ಅಂತ ನೀವೇ ಬೀಗ ಹಾಕ್ಸಿದ್ದೀರಿ.”

ಹೆಡ್‌ಮಾಸ್ಟರು ಹಾಜರಿ ಪುಸ್ತಕ ತೆರೆದುಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ಯಾರಾದರೂ ಎದುರು ಬಂದು ನಿಂತರೆ ಅವರ ಬಾಯಿಗೆ ಇಲ್ಲ ಎಂಬ ಮಾತೇ ಬರುತ್ತಿರಲಿಲ್ಲ, ಅಷ್ಟೆ. ಹೋದ ವರ್ಷ ಇದೇ ಬಸವರಾಜುವಿನ ತಂಗಿಯ ಮದುವೆಗೆ ಅಕ್ಕಿಮೂಟೆ, ಪಾತ್ರೆ, ಶಾಮಿಯಾನದ ಕಂಬ ಎಲ್ಲ ಇದೇ ಕೋಣೆಯಲ್ಲಿದ್ದವು. ಆಗ ಚಿಕ್ಕಸಿದ್ದಮ್ಮ ಮರದ ಕೆಳಗೇ ಪಾಠ ಮಾಡಿದ್ದಳು. ಮದುವೆ ಮನೆ, ಹೋಗಲಿ ಎಂದುಕೊಂಡಿದ್ದಳು. ಈ ಸಲ ಹಾಗೆಂದುಕೊಳ್ಳಲು ಅವಳಿಗೆ ಮನಸ್ಸು ಬರಲಿಲ್ಲ.

“ಸರಿ ಸಾರ್,” ಎಂದಳು. “ಜಾಗ ನಾನು ನೋಡ್ಕೋತೀನಿ.”

ಹೊರಗೆ ಬಂದು ಮಕ್ಕಳನ್ನು ಸಾಲು ಮಾಡಿಸಿದಳು. ಚಾಪೆ, ಚಾಕ್‌ಪೀಸು, ಅಳತೆ ಟೇಪು, ಗೋಡೆಗೆ ಒರಗಿಸಿದ್ದ ಚಿಕ್ಕ ಬೋರ್ಡು ಎಲ್ಲ ತೆಗೆದುಕೊಳ್ಳಲು ಹೇಳಿದಳು. ಸಾಲು ಗೇಟು ದಾಟಿ, ಹಾಲಿನ ಡೈರಿ ದಾಟಿ ದೊಡ್ಡಬೀದಿಗೆ ಬಂತು. ಎಲ್ಲಿಗೆಂದು ಯಾರೂ ಕೇಳಲಿಲ್ಲ. ಬಸವರಾಜುವಿನ ಮನೆ ಮುಂದೆ ಅವಳು ನಿಂತಾಗ ಮಾತ್ರ ಮಕ್ಕಳ ಗುಸುಗುಸು ಏಕಾಏಕಿ ನಿಂತುಹೋಯಿತು.

ಹಳೆಯ ಕಾಲದ ದೊಡ್ಡ ಮನೆ. ಬೀದಿಗೆ ತೆರೆದ ಉದ್ದನೆಯ ಜಗಲಿ, ಕೆಂಪು ಗಾರೆಯ ನೆಲ, ಮರದ ಕಂಬಗಳು. ಬಸವರಾಜುವಿನ ತಾಯಿ ಕುಳ್ಳಮ್ಮ ಒಂದು ತುದಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

“ಅಮ್ಮ, ನಮಸ್ಕಾರ,” ಎಂದಳು ಚಿಕ್ಕಸಿದ್ದಮ್ಮ. “ನಮ್ಮ ಕೋಣೇಲಿ ನಿಮ್ಮ ಸೊಪ್ಪು ಐತೆ. ಅದನ್ನ ತೆಗೆಯೋ ತನಕ ಮಕ್ಕಳು ಇಲ್ಲಿ ಕೂತ್ಕೋತವೆ.”

ಕುಳ್ಳಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಾಲನ್ನು ತಲೆಯಿಂದ ಬಾಲದವರೆಗೆ ನೋಡಿದಳು. ಮುಂದೆ ಊರಿನ ಮಕ್ಕಳಿದ್ದರು, ಕೊನೆಯಲ್ಲಿ ಊರಾಚೆಯ ಕಾಲೊನಿಯ ಮಕ್ಕಳು.

“ಮೊಗ ಮನೇಲಿಲ್ಲ ಕಣವ್ವ. ಅವ್ನ ಕೇಳ್ದೆ ಎಂಗೆ ಕೂರುಸ್ಲಿ?”

“ಅವರೂ ನಮ್ಮನ್ನ ಕೇಳಲಿಲ್ಲ ಅಮ್ಮ.”

ಮುದುಕಿ ಕಾಯಿ ಬಿಡಿಸುವುದನ್ನು ನಿಲ್ಲಿಸಿದಳು. “ಆಗಿದ್ರೆ ಆ ಕೊನೆ ಮಕ್ಳು ಮೆಟ್ಲ ಕೆಳ್ಗೆ ಕೂತ್ಕಳ್ಳಲಿ. ಮಿಕ್ಕೋವು ಮ್ಯಾಲೆ ಬರ್ಲಿ.”

“ಏಳನೇ ತರಗತಿ ಒಂದೇ ಕಡೆ ಕೂರ್ತದೆ ಅಮ್ಮ,” ಎಂದು ಚಿಕ್ಕಸಿದ್ದಮ್ಮ ಚಪ್ಪಲಿ ಬಿಟ್ಟು ಜಗಲಿ ಹತ್ತಿದಳು.

ಗೌರೀಶ ಹತ್ತಿದ. ಅವನ ಹಿಂದೆ ಉಳಿದವರು ಹತ್ತಿದರು. ಕಾಲೊನಿಯ ಪ್ರಿಯಾ ಮಾತ್ರ ಮೊದಲ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತಳು. ಅವಳ ತಾತ ನಿಂಗಯ್ಯ ಈ ಮನೆಯ ಹೊಲದಲ್ಲಿ ಮೂವತ್ತು ವರ್ಷದಿಂದ ದುಡಿಯುತ್ತಿದ್ದ. ಹಬ್ಬದ ದಿನ ಬಂದಾಗಲೂ ಈ ಮೆಟ್ಟಿಲಿನ ಕೆಳಗೇ ನಿಂತು ಮಾತಾಡಿ ಹೋಗುತ್ತಿದ್ದುದನ್ನು ಅವಳು ನೋಡಿದ್ದಳು. ಎಲ್ಲರೂ ಕೂತ ಮೇಲೆ ಮೆಲ್ಲಗೆ ಬಂದು, ಜಗಲಿಯ ಅಂಚಿನಲ್ಲಿ, ಕಾಲು ಕೆಳಗೆ ಇಳಿಬಿಟ್ಟು ಕೂತಳು.

ಚಿಕ್ಕಸಿದ್ದಮ್ಮನಿಗೆ ಆ ಕೂರುವ ರೀತಿ ಗೊತ್ತಿತ್ತು. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಪಕ್ಕದ ಹಳ್ಳಿಯಲ್ಲಿ ಓದುವಾಗ ಅವಳೂ ಬಾಗಿಲ ಹತ್ತಿರವೇ ಕೂರುತ್ತಿದ್ದಳು. ಯಾರೂ ಅಲ್ಲಿ ಕೂರು ಎಂದು ಹೇಳಿರಲಿಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

“ಪ್ರಿಯಾ, ಟೇಪು ಹಿಡ್ಕೊ,” ಎಂದಳು. “ಇವತ್ತು ವಿಸ್ತೀರ್ಣ. ಈ ಜಗಲಿ ಉದ್ದ ಎಷ್ಟು, ಅಗಲ ಎಷ್ಟು, ನೀನೇ ಅಳೆದು ಹೇಳ್ಬೇಕು. ಆ ಗೋಡೆಯಿಂದ ಶುರು ಮಾಡು.”

ಗೋಡೆಯೆಂದರೆ ಮನೆಯ ಹೊಸ್ತಿಲ ಪಕ್ಕದ ಗೋಡೆ. ಪ್ರಿಯಾ ಮೊದಲು ಮಿಸ್ಸಿನ ಮುಖ ನೋಡಿದಳು, ಕುಳ್ಳಮ್ಮನ ಮುಖ ನೋಡಿದಳು, ಆಮೇಲೆ ಎದ್ದು ಹೋಗಿ ಟೇಪಿನ ತುದಿಯನ್ನು ಗೋಡೆಗೆ ಒತ್ತಿ ಹಿಡಿದಳು. ಇನ್ನೊಂದು ತುದಿಯನ್ನು ಗೌರೀಶ ಎಳೆದುಕೊಂಡು ಹೋದ. ಕುಳ್ಳಮ್ಮ ಕೂತಿದ್ದ ಜಾಗದಲ್ಲಿ ಟೇಪು ಅಡ್ಡ ಬಂತು. ಅವಳು ಗೊಣಗುತ್ತಾ ಮೊರ ಎತ್ತಿಕೊಂಡು ಒಳಗೆ ಹೋದಳು.

ಬಸವರಾಜು ಬರುವ ಹೊತ್ತಿಗೆ ಬೋರ್ಡು ತುಂಬಾ ಅಂಕಿಗಳಿದ್ದವು. ಯಾರೋ ಫೋನು ಮಾಡಿ ಹೇಳಿದ್ದರೆಂದು ಕಾಣುತ್ತದೆ, ಬೈಕನ್ನು ಸ್ಟ್ಯಾಂಡ್ ಕೂಡ ಹಾಕದೆ ಕಂಬಕ್ಕೆ ಒರಗಿಸಿ ಬಂದ.

“ಇದೇನು ಮೇಡಮ್ಮೋರೆ, ಬೀದೀಲಿ ನಾಟ್ಕ?”

“ಪಾಠ ಗೌಡ್ರೆ. ಕೋಣೆ ಖಾಲಿಯಾದ ತಕ್ಷಣ ಎದ್ದು ಹೋಗ್ತೀವಿ.”

“ನಾನು ಹೆಡ್‌ಮಾಸ್ಟ್ರನ್ನ ಕೇಳೇ ಇಟ್ಟಿರೋದು.”

“ಆ ಕೋಣೆ ಅವರದ್ದೂ ಅಲ್ಲ, ನಂದೂ ಅಲ್ಲ. ಈ ಮಕ್ಕಳದ್ದು. ಇವರನ್ನ ಯಾರೂ ಕೇಳಿಲ್ಲ.”

ಅವಳ ದನಿ ಎತ್ತರವಾಗಲಿಲ್ಲ. ಚಾಕ್‌ಪೀಸು ಎತ್ತಿಕೊಂಡು ಬೋರ್ಡಿನ ಮೇಲಿನ ಲೆಕ್ಕ ಮುಂದುವರಿಸಿದಳು.

ಬಸವರಾಜು ಅಲ್ಲೇ ನಿಂತು ಹುಣಸೂರಿನ ಶಿಕ್ಷಣಾಧಿಕಾರಿಗೆ ಫೋನು ಮಾಡಿದ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ. “ಸಾರ್, ನಿಮ್ಮ ಟೀಚರು ಮಕ್ಕಳನ್ನ ಕರ್ಕಬಂದು ನಮ್ಮನೆ ಜಗಲೀಲಿ ಕೂರುಸ್ಕಂಡವ್ರೆ.”

“ಯಾಕೆ, ಅವರ ಕೋಣೆಗೇನಾಗಿದೆ?” ಎಂದಿತು ಆ ಕಡೆಯ ದನಿ.

ಬಸವರಾಜು ತಡವರಿಸಿದ. “ಕೋಣೆ ಐತೆ ಸಾರ್. ಅಲ್ಲಿ ಒಸಿ ಸಾಮಾನು...”

“ಯಾರ ಸಾಮಾನು?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಸವರಾಜು ಸ್ಪೀಕರ್ ಆರಿಸಿ, ಫೋನು ಕಿವಿಗಿಟ್ಟುಕೊಂಡು ಮನೆಯ ಹಿಂದಕ್ಕೆ ನಡೆದ.

ಮಧ್ಯಾಹ್ನದ ಊಟಕ್ಕೆ ಮಕ್ಕಳೆಲ್ಲ ಶಾಲೆಗೆ ಹೋದರು. ಹೆಡ್‌ಮಾಸ್ಟರು ಅವಳ ಪಕ್ಕ ಬಂದು ನಿಂತು, “ಸಾಕು ಮೇಡಂ. ಹೇಳ್ಬೇಕಾದ್ದು ಹೇಳಿದ್ದಾಯ್ತು. ಮಧ್ಯಾಹ್ನ ವರಾಂಡದಲ್ಲೇ ಹೊಂದಿಸ್ಕೊಂಡು ಕೂರಿಸಿ,” ಎಂದರು. “ನಿಮ್ಮ ಸರ್ವೀಸು ಇನ್ನೂ ಎಷ್ಟೋ ವರ್ಷ ಇದೆ, ಸುಮ್ನೆ ಯಾಕೆ?”

“ಇನ್ನೂ ಇದೆ ಸಾರ್, ಅದಕ್ಕೇ,” ಎಂದಳು ಅವಳು. ತಟ್ಟೆ ತೊಳೆದಿಟ್ಟು ಮತ್ತೆ ಸಾಲು ಮಾಡಿಸಿದಳು.

ಅವರು ವಾಪಸು ಬಂದಾಗ ಜಗಲಿಯ ತುಂಬ ನೀರು. ಗಾರೆ ನೆಲ ಫಳಫಳ ಹೊಳೆಯುತ್ತಿತ್ತು. ಮೆಟ್ಟಿಲಿನಿಂದ ನೀರು ತೊಟ್ಟಿಕ್ಕಿ ಬೀದಿಗೆ ಹರಿಯುತ್ತಿತ್ತು. ಕುಳ್ಳಮ್ಮ ಖಾಲಿ ಬಿಂದಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ದೂಳಾಗಿತ್ತು. ತೊಳ್ದೋ,” ಎಂದಳು.

ಯಾಕೆ ತೊಳೆದರೆಂದು ಏಳನೇ ತರಗತಿಯ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಪ್ರಿಯಾ ತಲೆ ತಗ್ಗಿಸಿದಳು. ಕಾಲೊನಿಯ ಇನ್ನಿಬ್ಬರು ಹುಡುಗಿಯರು ಅವಳ ಹಿಂದೆ ಸರಿದರು. ಊರಿನ ಮಕ್ಕಳೂ ಅವರ ಮುಖ ನೋಡಲಾರದೆ ಬೀದಿ ನೋಡಿದರು.

ಚಿಕ್ಕಸಿದ್ದಮ್ಮ ಬಯ್ಯಬಹುದಾಗಿತ್ತು. ಬಯ್ದರೆ ಅದು ಜಗಳವಾಗುತ್ತಿತ್ತು, ಪಾಠ ನಿಲ್ಲುತ್ತಿತ್ತು, ಆ ಮನೆಯವರಿಗೆ ಬೇಕಾಗಿದ್ದೂ ಅದೇ.

“ಒಳ್ಳೇದಾಯ್ತು ಅಮ್ಮ, ತಣ್ಣಗಿರ್ತದೆ,” ಎಂದಳು.

ಮೆಟ್ಟಿಲು ಹತ್ತಿ, ಜಗಲಿಯ ನಟ್ಟನಡುವೆ, ಆ ನೀರಿನಲ್ಲೇ ಕಾಲು ಮಡಚಿ ಕೂತಳು. ಸೀರೆ ಸೊಂಟದವರೆಗೆ ಒದ್ದೆಯಾಯಿತು. ತೊಡೆಯ ಮೇಲೆ ವಿಜ್ಞಾನದ ಪುಸ್ತಕ ತೆರೆದು, “ಪ್ರಿಯಾ, ಬಾ. ನನ್ನ ಪಕ್ಕ ಕೂತು ಓದು,” ಎಂದಳು.

ಈ ಸಲ ಪ್ರಿಯಾ ಮೆಟ್ಟಿಲಿನಲ್ಲಿ ನಿಲ್ಲಲಿಲ್ಲ. ಬಂದು ಪಕ್ಕದಲ್ಲಿ ಕೂತಳು. ಗೌರೀಶ ಚಾಪೆ ಹಾಸಲು ಹೋದ. ಯಾಕೋ ಮನಸ್ಸು ಬದಲಿಸಿ, ಚಾಪೆಯನ್ನು ಕಂಬಕ್ಕೆ ಒರಗಿಸಿಟ್ಟು ನೀರಿನಲ್ಲೇ ಕೂತ. ಆಮೇಲೆ ಎಲ್ಲರೂ ಕೂತರು. ಪ್ರಿಯಾ ಓದತೊಡಗಿದಳು. ಮೊದಲ ಸಾಲುಗಳಲ್ಲಿ ದನಿ ನಡುಗುತ್ತಿತ್ತು, ಪುಟ ತಿರುಗಿಸುವ ಹೊತ್ತಿಗೆ ಎದುರಿನ ಮನೆಗೂ ಕೇಳುವಂತಾಯಿತು.

ಹೊಲದಿಂದ ಬರುವವರು, ಡೈರಿಗೆ ಹೋಗುವವರು ಒಬ್ಬೊಬ್ಬರೇ ನಿಂತರು. ಒಬ್ಬ ಹುಡುಗ ಮೊಬೈಲು ಹಿಡಿದು ಚಿತ್ರ ತೆಗೆಯುತ್ತಿದ್ದ. ಬಸವರಾಜು ಹೊರಗೆ ಬಂದವನು ಗುಂಪಿನಲ್ಲಿ ನಿಂಗಯ್ಯನನ್ನು ಕಂಡ.

“ನಿಂಗಯ್ಯ, ನಿನ್ ಮೊಮ್ಮಗಳನ್ನ ಎಬ್ಬುಸ್ಕಂಡು ಓಗ್ಲಾ.”

ನಿಂಗಯ್ಯ ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎಂದಿನಂತೆ ಮೆಟ್ಟಿಲಿನ ಕೆಳಗೇ ನಿಂತಿದ್ದ. ಪ್ರಿಯಾ ಓದು ನಿಲ್ಲಿಸಿ ತಾತನನ್ನು ನೋಡಿದಳು. ಬೀದಿಯಲ್ಲಿದ್ದವರೆಲ್ಲ ಅವನನ್ನೇ ನೋಡಿದರು.

“ಮೊಗ ಓದ್ತಾ ಅದೆ,” ಎಂದ ಅವನು. “ಓದಿ ಮುಗುಸ್ಲಿ ಬುಡಿ ಗೌಡ್ರೆ.”

“ನಾಳೆ ಕೆಲ್ಸಕ್ಕೆ ಬರೋನಲ್ವಾ ನೀನು?”

“ನೀವು ಕರುದ್ರೆ ಬತ್ತೀನಿ. ಕರೀದಿದ್ರೆ ಬೇರೆ ಕಡೆ ಓಯ್ತೀನಿ. ಸೊಪ್ಪಿನ ಕಾಲ್ದಲ್ಲಿ ಆಳಿಗೆ ಬರ ಇಲ್ವಾ ಎಲ್ಲಾ ಕಡೇಲೂ?”

ಯಾರೋ ನಕ್ಕರು. ಬಸವರಾಜು ನಗಲಿಲ್ಲ. ಚಿಕ್ಕಸಿದ್ದಮ್ಮನ ಹತ್ತಿರ ಬಂದು, ಬಗ್ಗಿ, ಮೆಲುದನಿಯಲ್ಲಿ, “ಟ್ರಾನ್ಸ್‌ಫರಿಗೆ ರೆಡಿಯಾಗಿರಿ. ಕೃಷ್ಣರಾಜನಗರದ ಆ ಮೂಲೆಗೆ ಆಕುಸ್ತೀನಿ,” ಎಂದ.

“ಹಾಕಿಸಿ. ಅಲ್ಲೂ ಏಳನೇ ತರಗತಿ ಇರ್ತದೆ,” ಎಂದಳು. ಪುಸ್ತಕವನ್ನು ಪ್ರಿಯಾಳ ಕಡೆ ತಿರುಗಿಸಿ ಹಿಡಿದಳು.

ಶಾಲೆ ಬಿಡುವ ಹೊತ್ತಿಗೆ ಕೋಣೆಯ ಮುಂದೆ ಟ್ರ್ಯಾಕ್ಟರು ಬಂತು. ಚಿತ್ರ ಅಷ್ಟರಲ್ಲಿ ಅಕ್ಕಪಕ್ಕದ ಹಳ್ಳಿಗಳ ಮೊಬೈಲುಗಳಲ್ಲೆಲ್ಲ ಓಡಾಡುತ್ತಿತ್ತು. ಬಸವರಾಜು ಮುಂದಿನ ಪಂಚಾಯ್ತಿ ಚುನಾವಣೆಗೆ ನಿಲ್ಲುವವನು. ನಾಚಿಕೆಗೋ ಲೆಕ್ಕಾಚಾರಕ್ಕೋ, ಅಂತೂ ಬೇಲುಗಳು ಒಂದೊಂದಾಗಿ ಹೊರಗೆ ಬಂದು ಅವನ ಭಾವಮೈದುನನ ಮನೆಗೆ ಹೋದವು. ಮಕ್ಕಳು ಮನೆಗೆ ಹೋಗದೆ ನಿಂತು ನೋಡಿದರು. ಕೊನೆಯ ಬೇಲು ಹೊರಬಿದ್ದ ಮೇಲೆ ಕಸಬರಿಕೆ ತಂದು ಸೊಪ್ಪಿನ ಪುಡಿಯನ್ನೆಲ್ಲ ಗುಡಿಸಿದರು. ಒಬ್ಬರಾದ ಮೇಲೊಬ್ಬರು ಸೀನಿದರು. ಬೆಂಚುಗಳನ್ನು ಇಳಿಸುವಾಗ ಪ್ರಿಯಾ ತನ್ನದನ್ನು ಬೋರ್ಡಿನ ಎದುರಿಗೆ, ಮೊದಲ ಸಾಲಿಗೆ ಎಳೆದು ಹಾಕಿದಳು. ಅಲ್ಲಿ ಕೂರುತ್ತಿದ್ದವನು ತಕರಾರು ತೆಗೆದ. ಅವರಿಬ್ಬರೂ ಅದಕ್ಕೆ ಸಾಕಷ್ಟು ಹೊತ್ತು ಜಗಳವಾಡಿದರು. ಚಿಕ್ಕಸಿದ್ದಮ್ಮ ಮಧ್ಯೆ ಹೋಗಲಿಲ್ಲ.

ಆ ವಾರವೇ ಹುಣಸೂರಿನ ಕಚೇರಿಯಿಂದ ಅವಳಿಗೂ ಹೆಡ್‌ಮಾಸ್ಟರಿಗೂ ಕರೆ ಬಂತು. ಅಧಿಕಾರಿ ಅವಳನ್ನು ನಿಲ್ಲಿಸಿಯೇ ಮಾತಾಡಿದರು.

“ಖಾಸಗಿ ಮನೆಗೆ ಮಕ್ಕಳನ್ನ ಕರೆದುಕೊಂಡು ಹೋಗೋದು ತಪ್ಪು. ನಿಮಗೆ ಗೊತ್ತಿಲ್ವಾ?”

“ಗೊತ್ತು ಸಾರ್.”

“ಮತ್ತೆ ಯಾಕೆ ಹೋದಿರಿ?”

“ಕೋಣೆ ಇರ್ಲಿಲ್ಲ ಸಾರ್. ಇನ್ನೊಂದು ಸಲ ಕೋಣೆ ಇಲ್ಲದಿದ್ರೆ ಇನ್ನೊಂದು ಸಲ ಹೋಗ್ತೀನಿ.”

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಏನೂ ಬರೆಯಲಿಲ್ಲ. ಅವಳನ್ನು ಹೊರಗೆ ಕಳಿಸಿ ಹೆಡ್‌ಮಾಸ್ಟರನ್ನು ಒಳಗೆ ಕರೆದರು. ಅವರು ಒಳಗೆ ಬಹಳ ಹೊತ್ತಿದ್ದರು. ಬಂದಾಗ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು.

“ಕೀ ಕೊಟ್ಟಿದ್ದು ನಾನೇ ಅಂತ ಹೇಳ್ದೆ,” ಎಂದರು ಮಹದೇವಪ್ರಸಾದ್. “ನಂಗೊಂದು ನೋಟೀಸು ಕೊಡ್ತಾರಂತೆ. ನಿಮ್ಮದು ಸದ್ಯಕ್ಕೆ ಏನೂ ಇಲ್ಲ. ವರ್ಗಾವಣೆ ಸಮಯದಲ್ಲಿ ನೋಡ್ಬೇಕು.”

ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಟೀ ಅಂಗಡಿಯ ಮುಂದೆ ಹೆಡ್‌ಮಾಸ್ಟರು ನಿಂತರು.

“ಬಸವರಾಜು ಮತ್ತೆ ಕೇಳ್ಕೊಂಡು ಬರ್ತಾರೆ ಮೇಡಂ. ಬೇಸಿಗೇಲಿ ಅವರ ಅಣ್ಣನ ಮಗನ ಮದುವೆ ಇದೆ. ಆಗ ಏನಂತ ಹೇಳ್ಲಿ?”

“ಇಲ್ಲ ಅನ್ನಿ ಸಾರ್.”

“ಬಾಯಿಗೆ ಬರಲ್ಲ ಕಣ್ರೀ.”

“ಕಷ್ಟ ಆದ್ರೆ ನನ್ನ ಕರೀರಿ,” ಎಂದು ಚಿಕ್ಕಸಿದ್ದಮ್ಮ ಎರಡು ಟೀ ಹೇಳಿದಳು. “ನಾನಂತೀನಿ.”