ಬೂದು ಕೋಟಿನ ಅಳತೆ

ಎಂಥ ಉರಿಬಿಸಿಲಿನಲ್ಲೂ ಬೂದು ಕೋಟನ್ನು ಕಳಚದ ನಮ್ಮ ಬೀದಿಯ ಫೋಟೋಗ್ರಾಫರನಿಗೆ ಎಲ್ಲರೂ ಇಟ್ಟ ಹೆಸರು ಕೋಟಣ್ಣ. ಚಿತ್ರ ತೆಗೆಯುವ ಮುನ್ನ ಎಡಗಾಲನ್ನು ತುಸು ಎಳೆಯುತ್ತ ಗಿರಾಕಿಯ ಬಳಿಗೆ ಬಂದು, ಅವರ ಮುಖದ ಪಕ್ಕದಲ್ಲಿ ತನ್ನ ತೋಳನ್ನು ಚಾಚಿ, ಕ್ಯಾಮೆರಾವನ್ನು ಆ ತೋಳಿಗೇ ಹಿಡಿದು ಬೆಳಕನ್ನು ಅಳೆದುಕೊಳ್ಳುತ್ತಿದ್ದ.

“ಕ್ಯಾಮೆರಾ ಪೆದ್ದು. ಬಿಳೀದು ತೋರಿಸಿದ್ರೂ ಕರೀದು ತೋರಿಸಿದ್ರೂ ಬೂದು ಮಾಡಿಬಿಡುತ್ತೆ. ಅದಕ್ಕೇ ನಾನು ಬೂದನ್ನೇ ತೋರಿಸ್ತೀನಿ,” ಎನ್ನುವುದು ಅವನ ಸಿದ್ಧಾಂತ. ಡಿಜಿಟಲ್ ಕ್ಯಾಮೆರಾ ಕೊಂಡ ಮೇಲೂ ಈ ವಿಧಿ ತಪ್ಪಲಿಲ್ಲ. ಅದರ ಬೆನ್ನಿನ ಪರದೆಗೆ ಕರಿ ಟೇಪು ಅಂಟಿಸಿದ. ಬಿಸಿಲಿನಲ್ಲಿ ನೋಡಿದರೆ ಚಿತ್ರ ಕತ್ತಲೆನಿಸುತ್ತದೆ, ಕತ್ತಲಲ್ಲಿ ನೋಡಿದರೆ ಬೆಳಕೆನಿಸುತ್ತದೆ, ಇಂಥ ಚಾಡಿಕೋರನ ಮಾತು ಯಾರಿಗೆ ಬೇಕು ಎಂಬ ತಿರಸ್ಕಾರ. ಇತ್ತೀಚೆಗೆ ಚಿತ್ರಗಳು ಮಬ್ಬಾಗಿವೆ ಎಂದು ಗಿರಾಕಿಗಳು ಗೊಣಗಿದರೆ “ಅದು ಗಾಂಭೀರ್ಯ” ಎಂದು ಬಾಯಿ ಮುಚ್ಚಿಸುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನೊಡನೆ ವಾದವೆಲ್ಲಿ?

ಅವನನ್ನು ಸಾಕಿ ಬೆಳೆಸಿದ ಅಕ್ಕ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಎಣ್ಣೆಗಪ್ಪು ಮೈಬಣ್ಣ, ಹಾಲುಬಿಳುಪಿನ ಸಮವಸ್ತ್ರ. ಗುಂಪಿನ ಫೋಟೋ ಎಂದರೆ ಹಿಂದಿನ ಸಾಲಿಗೆ ಸರಿಯುವಳು. “ಫೋಟೋದಲ್ಲಿ ನನ್ನ ಬಟ್ಟೆ ಬರುತ್ತೆ, ನಾನು ಬರಲ್ಲ,” ಎಂದು ನಗುತ್ತಿದ್ದಳು. ಆ ನಗು ತಮ್ಮನನ್ನು ಚುಚ್ಚುತ್ತಿತ್ತು. ಅವಳ ನಿವೃತ್ತಿಗೆ ಆಸ್ಪತ್ರೆಯ ಗೋಡೆಯ ಮೇಲೆ ಅವಳ ಚಿತ್ರ ಹಾಕುವುದೆಂದು ತೀರ್ಮಾನವಾದಾಗ, “ಈ ಸಲ ನೀನೇ ಬರ್ತೀಯ ಅಕ್ಕಾ” ಎಂದು ಮಾತು ಕೊಟ್ಟ.

ಅಂಗಡಿಯ ಕಿಟಕಿಯ ಬಳಿ ಕೂರಿಸಿ, ತೋಳು ಚಾಚಿ, ಅಳೆದು, ತೆಗೆದ. ಕಂಪ್ಯೂಟರಿನಲ್ಲಿ ನೋಡಿದರೆ ಬಟ್ಟೆಯ ಒಂದೊಂದು ನೆರಿಗೆಯೂ ಸ್ಪಷ್ಟ; ಮುಖವಿದ್ದಲ್ಲಿ ಬರೀ ಕತ್ತಲು. ಕ್ಯಾಮೆರಾವನ್ನು ಬೈದ, ಮೋಡವನ್ನು ಬೈದ. ಅಕ್ಕ ಅವನ ತೋಳನ್ನೇ ನೋಡುತ್ತಿದ್ದಳು.

“ಕೋಟು ಬಿಳಿಚಿಕೊಂಡಿದೆ ಕಣೋ. ವಾರವಾರ ಒಗೆಯೋಳು ನಾನು, ನಂಗೆ ಗೊತ್ತಿಲ್ವಾ?”

ಕಾಲರು ಮಗುಚಿ ನೋಡಿದ. ಒಳಮಗ್ಗುಲಲ್ಲಿ ಹಳೆಯ ಗಾಢ ಬೂದು ಹಾಗೆಯೇ ಇತ್ತು. ಹೊರಗಿನದು ತೊಳೆದು ತೊಳೆದು ಬೆಳ್ಳಗಾಗಿತ್ತು. ಆ ತೋಳನ್ನು ಕಂಡ ಕ್ಯಾಮೆರಾ ಬೆಳಕು ಹೆಚ್ಚಿದೆಯೆಂದು ನಂಬಿ, ಎಂದಿನಿಂದಲೋ ಎಲ್ಲರ ಮುಖಕ್ಕೂ ಬೆಳಕನ್ನು ಕಡಿಮೆ ಮಾಡುತ್ತ ಬಂದಿತ್ತು. ಉಳಿದವರಿಗೆ ಅದು ಗಾಂಭೀರ್ಯವಾಗಿ ದಕ್ಕಿತ್ತು. ಅಕ್ಕನನ್ನು ಮಾತ್ರ ನುಂಗಿಹಾಕಿತ್ತು.

ಕೋಟು ಕಳಚಿ ಕುರ್ಚಿಯ ಮೇಲೆ ಹಾಕಿದ. ಟೇಪು ಕಿತ್ತ. ಅಕ್ಕನ ಕೆನ್ನೆಯಿಂದಲೇ ಬೆಳಕು ಅಳೆದು, ಕಪ್ಪನ್ನೂ ಬೂದು ಮಾಡುವ ಯಂತ್ರದ ಪೆದ್ದುತನ ಸರಿದೂಗಲೆಂದು ಬೆಳಕನ್ನು ತುಸು ಇಳಿಸಿ, ಮತ್ತೆ ತೆಗೆದ.

ಅಕ್ಕ ಪರದೆಯತ್ತ ಬಾಗಿ ನೋಡಿದಳು. “ಹೂಂ, ಇವಳು ಗೊತ್ತು ನಂಗೆ. ದಿನಾ ಕನ್ನಡೀಲಿ ಸಿಗ್ತಾಳೆ.”

ಬೀಳ್ಕೊಡುಗೆಯ ದಿನ ಗುಂಪಿನ ಫೋಟೋಗೆ ಅವಳು ಯಾರೂ ಕರೆಯದೆಯೇ ಮುಂದಿನ ಸಾಲಿಗೆ ಬಂದು ಕೂತಳು. ಅವಳ ತಮ್ಮ ಕ್ಯಾಮೆರಾದ ಹಿಂದೆ ಬರಿಯ ಅಂಗಿಯಲ್ಲಿ ನಿಂತಿದ್ದ. ಒಂದೇ ಅಳತೆಯನ್ನು ನೆಚ್ಚಿ ಲೋಕವನ್ನೆಲ್ಲ ಅಳೆಯುವ ಇಂಥ ನಿಷ್ಠಾವಂತರು ಎಲ್ಲ ಬೀದಿಗಳಲ್ಲೂ ಇರುತ್ತಾರೆ. ಆ ಅಳತೆಯೂ ತಮ್ಮ ಮೈಮೇಲೆಯೇ ಮಾಸುತ್ತಿದೆಯೆಂದು ಅವರಿಗೆ ತಿಳಿಸಲು, ಅದನ್ನು ಒಗೆದು ಬಲ್ಲ ಕೈಯೊಂದು ಮನೆಯಲ್ಲಿರಬೇಕು.