ಲಿಫ್ಟರಿಗೆ ಯಾರು ಕೊಡುತ್ತಾರೆ?

ವಾಲಿಬಾಲಿನಲ್ಲಿ ಬೆಸ್ಟ್ ಪ್ಲೇಯರ್ ಬಹುಮಾನ ಯಾವಾಗಲೂ ಸ್ಮ್ಯಾಶ್ ಹೊಡೆಯುವವನಿಗೇ. ಚೆಂಡನ್ನು ಅವನ ಕೈಗೆ ಹದವಾಗಿ ಎತ್ತಿಕೊಡುವ ಲಿಫ್ಟರನ್ನು ಕೇಳುವ ನಾಯಿಯೂ ಇಲ್ಲ. ಈ ನ್ಯಾಯ ಯಾವನು ಮಾಡಿಟ್ಟನೋ, ಅವನ ತಲೆ! ಬಾಯಾರು ತಂಡದ ಕ್ಯಾಪ್ಟನ್ ನಾನು, ಹೊಟ್ಟೆ ಉರಿದೇ ಹೇಳುತ್ತಿದ್ದೇನೆ.

2011ರಲ್ಲಿ ಕುಂಬಳೆಯ ಫೈನಲಿಗೆ ಮಂಗಳೂರಿನಿಂದ, ಸಂಬಳ ಕೊಟ್ಟು ಆಡಿಸುವ ಕ್ಲಬ್ಬಿನವರು ಆಟ ನೋಡಲು ಬಂದಿದ್ದರು. ಬೆಸ್ಟ್ ಪ್ಲೇಯರ್ ಆದವನಿಗೆ ಅವರ ತಂಡದಲ್ಲಿ ಜಾಗ ಎಂದು ಮೈಕಿನಲ್ಲೇ ಹೇಳಿಯಾಗಿತ್ತು. ನಮ್ಮ ಲಿಫ್ಟರ್ ಜಯಂತನಿಗೆ ಮೂವತ್ತು ದಾಟಿತ್ತು. ಇದು ತಪ್ಪಿದರೆ ಮತ್ತೆ ಯಾರೂ ಕರೆಯುವುದಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾಲ್ಕು ಸೆಟ್ ಮುಗಿದು ಎರಡೆರಡು ಸಮವಾಗಿತ್ತು. ನೀರು ಕುಡಿಯುವಾಗ ಜಯಂತ ನನ್ನ ಅಂಗಿ ಹಿಡಿದು ಜಗ್ಗಿದ.

“ಗೌರೀಶಂಕರ, ಅಲ್ಲಿ ನೋಡು.”

ನಮ್ಮ ಸ್ಮ್ಯಾಶರ್ ನಿಸಾಮುದ್ದೀನ್, ಬೆಸ್ಟ್ ಪ್ಲೇಯರನ್ನು ಆರಿಸುವ ಈಶ್ವರಪ್ರಸಾದ ಮಾಸ್ಟ್ರ ಕುರ್ಚಿಯ ಬಳಿ ಬಗ್ಗಿ ಕಿವಿಯಲ್ಲಿ ಏನೋ ಹೇಳುತ್ತಿದ್ದ. ನಡುವೆ ಜಯಂತನ ಕಡೆ ಬೆರಳು ತೋರಿಸಿದ. ಮಾಸ್ಟ್ರು ತಲೆಯಾಡಿಸಿದರು.

“ಎಂತ ಚಾಡಿ ಹೇಳುದು ಅವ? ನನ್ನನ್ನು ಬದಿಗೆ ತಳ್ಳಿ ಕ್ಲಬ್ಬಿಗೆ ಹೋಗ್ಲಿಕ್ಕೆ ನೋಡ್ತಾನೆ.”

“ಸುಮ್ಮನಿರು ಮಾರಾಯ, ಮೊದಲು ಮ್ಯಾಚ್ ಗೆಲ್ಲುವ,” ಎಂದೆ. ಆದರೆ ನನ್ನ ತಲೆಗೂ ಹುಳ ಹೊಕ್ಕಿತು. ಬೆಳಿಗ್ಗೆಯಿಂದ ನಿಸಾಮ್ ಅಷ್ಟು ನಯವಾಗಿ ಮಾತಾಡಿದ್ದು ಯಾಕೆ? ಕೇಳದೆ ಎಲ್ಲರಿಗೂ ಸೋಡಾ ಕುಡಿಸಿದ್ದು ಯಾಕೆ?

ಕೊನೆಯ ಸೆಟ್ಟಿನಲ್ಲಿ ಜಯಂತ ನಿಸಾಮನಿಗೆ ಒಂದೇ ಒಂದು ಚೆಂಡು ಎತ್ತಲಿಲ್ಲ. ನಿಸಾಮ್ ಓಡಿ ಬಂದು ಹಾರುತ್ತಿದ್ದ, ಚೆಂಡು ಆಚೆ ಬದಿಯಲ್ಲಿದ್ದ ನಮ್ಮ ಇನ್ನೊಬ್ಬ ಸ್ಮ್ಯಾಶರ್ ಕಿನ್ನಿಯ ಕಡೆ ಹೋಗುತ್ತಿತ್ತು. ಕಿನ್ನಿ ಹೊಡೆದದ್ದೆಲ್ಲ ನೆಟ್ಟಿಗೆ. ನಾನು ಬೊಬ್ಬೆ ಹೊಡೆದೆ, ಜಯಂತ ಕೇಳಿಸದವನ ಹಾಗೆ ಇದ್ದ. ಸೋತೆವು. ಬಹುಮಾನವೂ ಎದುರು ತಂಡದ ಸ್ಮ್ಯಾಶರನಿಗೆ ಹೋಯಿತು.

ಜಯಂತ ಸೀದಾ ಮಾಸ್ಟ್ರ ಎದುರು ಹೋಗಿ ನಿಂತ. ನಾನೂ ಹಿಂದೆಯೇ ಹೋದೆ.

“ನಿಸಾಮ ನನ್ನ ಬಗ್ಗೆ ನಿಮ್ಮತ್ರ ಎಂತ ಹೇಳಿದ್ದು?”

ಮಾಸ್ಟ್ರು ಕನ್ನಡಕ ತೆಗೆದರು. “‘ನನ್ನನ್ನು ನೋಡ್ಬೇಡಿ ಮಾಸ್ಟ್ರೆ, ಜಯಂತಣ್ಣನ ಬೆರಳು ನೋಡಿ. ಅವರು ಎತ್ತಿ ಕೊಡದಿದ್ರೆ ನಾನು ಹೊಡೆಯುದೆಂತ? ಬಹುಮಾನ ಅವರಿಗೇ ಕೊಡಿ’ ಅಂದ. ನನಗೂ ಹೌದು ಅಂತ ಕಂಡಿತು. ಕ್ಲಬ್ಬಿನವರಿಗೂ ಹೇಳಿದೆ. ಕೊನೆಯ ಸೆಟ್ಟಿನಲ್ಲಿ ನಾವೆಲ್ಲ ನಿನ್ನನ್ನೇ ನೋಡಿದ್ದು ಮಾರಾಯ.”

ಜಯಂತನ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ. ಅಷ್ಟರಲ್ಲಿ ನಿಸಾಮ್ ಮುಖ ಸಣ್ಣದು ಮಾಡಿಕೊಂಡು ಬಂದ.

“ಜಯಂತಣ್ಣ, ಕೊನೆಗೆ ಒಂದು ಬಾಲೂ ಕೊಡ್ಲಿಲ್ಲ ಅಲ್ಲ? ನಾನು ಹಾರಿದ್ದು ತಪ್ಪಿತಾ?”