ಉಗುಳು ನುಂಗುವ ಗಂಟಲು

ಪರದೆಯ ಆಚೆ ಗಾಜು ಮುರಿದಂಥ ಸಣ್ಣ ಸದ್ದು, ಔಷಧಿಯ ಸೀಸೆಯ ಕುತ್ತಿಗೆಯೇ ಇರಬೇಕು, ಯಾರಿಗಾಗಿ ಮುರಿದರೋ, ಹೇಳದೆ ಕೇಳದೆ ಯಾರ ಮೈಗೆ ಏನು ಹರಿಸುತ್ತಾರೋ ಎಂದು ಅವನ ದೃಷ್ಟಿ ಡ್ರಿಪ್ಪಿನ ನಳಿಕೆಯ ಗುಂಟ ಇಳಿದು ಮಗಳ ಮುಂಗೈಯಲ್ಲಿ ನಿಂತಿತು — ಆರು ವರ್ಷದ ಮುಂಗೈ, ಅದರ ಮೇಲೆ ಬಿಳಿಯ ಪಟ್ಟಿ, ಅತ್ತ ಮುಚ್ಚಿ ಕಟ್ಟಿದ ಎಡಗಣ್ಣು. ಮೆಳ್ಳೆಗಣ್ಣಿನ ಶಸ್ತ್ರಕ್ರಿಯೆ ಮುಗಿದು ಅರ್ಧ ಗಂಟೆಯಾಯಿತು, ಎಲ್ಲ ಸರಿಯಾಯಿತು ಅಂದರು, ಸರಿಯಾಗಿದ್ದರೆ ತಲೆದಿಂಬಿನ ಪಕ್ಕದಲ್ಲಿ ಈ ಸ್ಟೀಲಿನ ಬಟ್ಟಲು ಯಾಕೆ, ಎಂದು ಕೇಳಿಯೂ ಇದ್ದ, ಅದಕ್ಕೆ ನರ್ಸ್ ನಕ್ಕು, ಸುಮ್ನೆ ಇಟ್ಟಿದೀನಿ ಅಣ್ಣ, ಕಣ್ಣಿನ ಆಪರೇಷನ್ ಆದ ಮಕ್ಕಳಿಗೆ ವಾಂತಿ ಜಾಸ್ತಿ, ವಾಂತಿ ತಡೆಯೋದಕ್ಕೆ ಒಳಗೇ ಒಂದು ಇಂಜೆಕ್ಷನ್ ಕೊಟ್ಟಿದಾರೆ, ನೀವು ಮಾತ್ರ ಬಲವಂತವಾಗಿ ನೀರು ಕುಡಿಸಬೇಡಿ ಅಂದಿದ್ದಳು. ಒಂದು. ಪಕ್ಕದ ಮಂಚದ ಹುಡುಗಿಗೆ ಎರಡು ಕೊಟ್ಟರಂತೆ, ಆ ಹುಡುಗಿಯ ಅಜ್ಜಿ ಹೇಳಿದಳು, ನಮ್ಮವಳಿಗೇಕೆ ಒಂದು, ಯಾರ ಶಿಫಾರಸಿನ ಮೇಲೆ ಅವರಿಗೆ ಎರಡು — ಇಪ್ಪತ್ತು ವರ್ಷ ಬಸ್ಸು ಓಡಿಸಿದವನು, ತಲೆಯ ಮೇಲಿನ ಕನ್ನಡಿಯಲ್ಲಿ ಊರ ಮುಖಗಳನ್ನೆಲ್ಲ ಓದಿದವನು, ಅವನಿಗೆ ಮಾತು ಬೇಡ, ಗಂಟಲು ಸಾಕು, ವಾಂತಿಗೆ ಮೊದಲು ಮನುಷ್ಯ ಸುಮ್ಮನಾಗುತ್ತಾನೆ, ತುಟಿಯ ಸುತ್ತ ಬಿಳಿಚಿಕೊಳ್ಳುತ್ತದೆ, ಬರಿದೇ ಉಗುಳು ನುಂಗುತ್ತಾನೆ, ಗಂಟಲು ಏರುತ್ತದೆ, ಇಳಿಯುತ್ತದೆ.

ಮಗಳ ಗಂಟಲು ಏರಿತು, ಇಳಿಯಿತು.

ಇಲ್ಲ, ಕನಸೇನೋ ಕಾಣುತ್ತಿದ್ದಾಳೆ. ಬೆಳಿಗ್ಗೆ ಅರಿವಳಿಕೆ ಕೊಡುವ ಡಾಕ್ಟರಮ್ಮನೂ ಹೀಗೇ ನಕ್ಕರು, ಕೈಯಲ್ಲಿ ಹಾಳೆ, ಮಗೂಗೆ ಬಸ್ಸಲ್ಲಿ ವಾಂತಿ ಆಗುತ್ತಾ, ನಿಮ್ಮಿಬ್ಬರಲ್ಲಿ ಯಾರಿಗಾದ್ರೂ ಆಗುತ್ತಾ, ಆಪರೇಷನ್ ಆದಮೇಲೆ ಯಾರಾದ್ರೂ ಕಷ್ಟ ಪಟ್ಟಿದ್ದುಂಟಾ — ಹೆಂಡತಿ ಮಗಳಿಗೆ ಗೌನು ತೊಡಿಸಲು ಒಳಗೆ ಹೋಗಿದ್ದಳು, ಅವನೊಬ್ಬನೇ, ಕೂಡಲೇ ಸಂಶಯ ಹೆಡೆಯೆತ್ತಿತು, ಬಸ್ಸಿನ ವಿಷಯ ಇವರಿಗೇಕೆ, ಡಿಪೋದ ನಗೆ ಇಲ್ಲಿಯವರೆಗೂ ಬಂತೇ, ಅವನದೇ ಬಸ್ಸಿನ ಕಂಡಕ್ಟರ್, ಎಲ್ಲರೂ ಸೀಟಿ ಎಂದೇ ಕರೆಯುವವನು, ಚಹಾದ ಲೋಟ ಹಿಡಿದು ಡಿಪೋ ತುಂಬ ಕೇಳುವಂತೆ, ಏನಪ್ಪಾ, ನೀನು ಸ್ಟೇರಿಂಗ್ ಮುಟ್ಟಿದ್ರೆ ಸಾಕು ನಿನ್ನ ಹೆಂಡ್ತಿ ಮಗಳು ಇಬ್ರೂ ಪ್ಲಾಸ್ಟಿಕ್ ಚೀಲ ಬಿಚ್ತಾರಂತಲ್ಲ, ನಮ್ಮ ಪ್ಯಾಸೆಂಜರ್‌ಗಳ ಗತಿ ಏನೋ ಮಾರಾಯಾ — ಆ ನಗು ಕಿವಿಯಲ್ಲಿ ಇನ್ನೂ ಮೊರೆಯುತ್ತಿರುವಾಗಲೇ ನಾಲಗೆ ಹೊರಳಿಬಿಟ್ಟಿತು, ನಾನು ಡ್ರೈವರು ಡಾಕ್ಟ್ರೇ, ನಮ್ಮ ಮನೇಲಿ ಅಂಥದ್ದೆಲ್ಲ ಇಲ್ಲ. ಹಾಳೆಯ ಮೇಲೆ ಮೂರು ಪ್ರಶ್ನೆಗೂ ಇಲ್ಲವೆಂದು ಮೂರು ಗೆರೆ ಬಿತ್ತು. ಅಪೆಂಡಿಕ್ಸ್ ತೆಗೆಸಿದ ಮರುದಿನದವರೆಗೂ ಹೆಂಡತಿ ಬಟ್ಟಲು ಬಿಡಲಿಲ್ಲ, ಹಿಡಿದುಕೊಂಡಿದ್ದವನು ತಾನೇ, ಅದಕ್ಕೂ ಒಂದು ಗೆರೆ. ಹಾಗಾದರೆ ಶಿಫಾರಸಲ್ಲ, ಪಕ್ಕದ ಅಜ್ಜಿ ಡಾಕ್ಟರಮ್ಮನಿಗೆ ನಿಜ ಹೇಳಿದ್ದಳು, ಅಷ್ಟೇ — ಛೇ, ಇರಲಾರದು, ಮೊಮ್ಮಗಳ ವಾಂತಿಯ ಪುರಾಣ ಬಿಚ್ಚಿದರೆ ಔಷಧಿ ಹೆಚ್ಚಾಗುತ್ತದೆಯೇ, ಆಗುತ್ತದೆ, ಅದಕ್ಕೇ ಕೇಳಿದ್ದು, ಓಕರಿಸಿ ಓಕರಿಸಿ ವಾಂತಿಯಾದರೆ ಕಣ್ಣಿನ ಹೊಲಿಗೆಯ ಗತಿಯೇನು, ಕನ್ನಡಿಯಲ್ಲಿ ಎಲ್ಲರನ್ನೂ ಕಂಡವನು, ಅದೇ ಕನ್ನಡಿಯನ್ನು ತನ್ನತ್ತ ಒಮ್ಮೆಯೂ ತಿರುಗಿಸಲಿಲ್ಲ, ಮಗಳ ತುಟಿಯ ಸುತ್ತ ಬಿಳುಪು, ಗಂಟಲು ಏರಿತು, ಇಳಿಯಿತು.

ಸಿಸ್ಟರ್, ಎಂದ. ದನಿ ತನ್ನದಲ್ಲ ಎನಿಸಿತು. ಬೆಳಿಗ್ಗೆ ನಾನು ಸುಳ್ಳು ಹೇಳ್ದೆ, ಇವಳಿಗೆ ಬಸ್ಸಲ್ಲಿ ವಾಂತಿ ಆಗುತ್ತೆ, ಇವಳ ಅಮ್ಮನಿಗೂ ಆಗುತ್ತೆ, ಆಪರೇಷನ್ ಆದಮೇಲೂ ಆಗಿತ್ತು. ಮೊದಲೇ ಹೇಳೋದಲ್ವಾ ಅಣ್ಣ, ಎನ್ನುತ್ತ ನರ್ಸ್ ಫೋನಿನತ್ತ ಓಡಿದಳು, ಡಾಕ್ಟ್ರೇ, ಒಂಬತ್ತನೇ ಮಂಚ, ಇನ್ನೊಂದು ಔಷಧಿ ಕೊಡ್ಲಾ. ಬಾಗಿಲಲ್ಲಿ ಮಗಳ ಒಗೆದ ಅಂಗಿ ಹಿಡಿದು ಹೆಂಡತಿ, ಯಾವಾಗ ಬಂದಳೋ, ಎಷ್ಟು ಕೇಳಿದಳೋ, ಓಹೋ, ನನ್ನ ವಾಂತಿ ವಿಷಯ ಹೇಳಿದ್ರೆ ನಿಮ್ಮ ಲೈಸೆನ್ಸ್ ಕಿತ್ಕೋತಿದ್ರಾ, ಎಂದಷ್ಟೇ ಅಂದು ಮಗಳನ್ನು ಮೆಲ್ಲನೆ ಪಕ್ಕಕ್ಕೆ ಹೊರಳಿಸಿದಳು, ನರ್ಸಿನ ಬೆರಳು ನಳಿಕೆಯಲ್ಲಿ ಔಷಧಿ ಒತ್ತುತ್ತಿದೆ, ನಿಧಾನ, ಎಷ್ಟು ನಿಧಾನ, ಬೇಕೆಂದೇ ತಡಮಾಡುತ್ತಿದ್ದಾಳೆಯೇ, ಇಲ್ಲ, ದೂರಲು ಇನ್ನು ಯಾರೂ ಉಳಿದಿಲ್ಲ, ಸೀಟಿಯೂ ಇಲ್ಲ, ಡಾಕ್ಟರಮ್ಮನೂ ಇಲ್ಲ, ಪುಟ್ಟಿ, ಅಪ್ಪ ಇಲ್ಲೇ ಇದೀನಿ, ತಡಕೋ ಕಂದಾ, ಔಷಧಿ ಬರ್ತಾ ಇದೆ, ಬಂತು — ಆ ಪುಟ್ಟ ಗಂಟಲು, ಏರಿದ್ದು, ಇನ್ನೂ ಇಳಿದಿಲ್ಲ, ಆ ಗಂಟಲು